ಹಗಲುರಾಯರ ರಾತ್ರಿ

ನೂಲಿನ ಗಿರಣಿಯಲ್ಲಿ ವೈರ್‌ಮನ್ ಆಗಿದ್ದು ನಿವೃತ್ತರಾದ ಮೇಲೆ ಹಗಲುರಾಯರಿಗೆ ಉಳಿದದ್ದು ಒಂದೇ ಹುಚ್ಚು, ಊರಿನ ಹವ್ಯಾಸಿ ನಾಟಕ ತಂಡಗಳಿಗೆ ಬೆಳಕಿನ ಏರ್ಪಾಟು ಮಾಡಿಕೊಡುವುದು. ಏರ್ಪಾಟು ಎಂದರೆ ಸ್ವಿಚ್ಚು ಒತ್ತುವುದಲ್ಲ. ಮೊದಲೇ ಸಭಾಂಗಣಕ್ಕೆ ಹೋಗಿ ಫ್ಯೂಸ್ ಪೆಟ್ಟಿಗೆ ತೆಗೆದು ಮೂಸಿ ನೋಡಬೇಕು. ಸುಟ್ಟ ವಾಸನೆ ಬಂದರೆ ಅರ್ಧ ದೀಪ ಅಲ್ಲೇ ಕಡಿಮೆ. ನೀರಿನ ಪಂಪೂ ಅದೇ ಲೈನಿನಲ್ಲಿದೆಯೇ ಎಂದು ವಾಚ್‌ಮನ್‌ನನ್ನು ಪುಸಲಾಯಿಸಿ ಕೇಳಬೇಕು. ಏಕೆಂದರೆ ನಾಯಕಿ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಆ ಮಹಾಶಯ ಪಂಪು ಹಾಕುತ್ತಾನೆ, ದೀಪಗಳೂ ಅವಳ ಜೊತೆಗೇ ಹೊರಡುತ್ತವೆ. ಆಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ರಂಗದ ನಕ್ಷೆ ಬರೆದು, ಯಾವ ದೀಪ ಯಾವ ಕಂಬಕ್ಕೆ, ಯಾವುದಕ್ಕೆ ಯಾವ ಬಣ್ಣದ ಹಾಳೆ, ಬಾಡಿಗೆಗೆ ಏನೇನು ತರಬೇಕು ಎಂದು ಗುರುತು ಹಾಕಬೇಕು. ತಂಡದವರೋ, ಇರುವ ನಾಲ್ಕು ದೀಪದಲ್ಲೇ ಸೂರ್ಯೋದಯ, ಬಿರುಗಾಳಿ, ಅರಮನೆ ಎಲ್ಲ ಬೇಕೆನ್ನುವವರು. ಕಾರ್ಯದರ್ಶಿಯ ಭಾವಮೈದ ಕಾವಲುಗಾರನ ಪಾತ್ರ ಮಾಡಿದ್ದರೆ ಅವನಿಗೊಂದು ಬೇರೆ ಸ್ಪಾಟು.

ಇಷ್ಟೆಲ್ಲ ಮಾಡಿ ಮಾಡಿ ರಾಯರ ಮೈ ಹಣ್ಣಾಗಿತ್ತು. ಏಣಿ ಹತ್ತಿದರೆ ಮಂಡಿ ನಡುಗುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದು, ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಡಾಕ್ಟರು ಹೇಳಿದಾಗಲೆಲ್ಲ, ಮಾಡಿಸಿಕೊಂಡು ಒಂದು ಕಣ್ಣನ್ನೇ ಕಳೆದುಕೊಂಡ ತಮ್ಮ ಅಣ್ಣನ ಮುಖ ನೆನಪಾಗಿ, "ಈ ನಾಟಕ ಮುಗೀಲಿ" ಎಂದು ಮುಂದೆ ತಳ್ಳುತ್ತಿದ್ದರು. ತಂಡದವರಿಗೆ ಗೊತ್ತಾದರೆ ಕರೆಯುವುದನ್ನೇ ಬಿಡುತ್ತಾರೆ ಎಂಬ ಹೆದರಿಕೆ ಬೇರೆ. ಹಾಗೆ ಬಿಟ್ಟರೆ ಬೆಳಿಗ್ಗೆ ಎದ್ದು ಮಾಡುವುದೇನು?

ತಮಾಷೆಯೆಂದರೆ, ಕಣ್ಣು ಮಂಜಾದಷ್ಟೂ ಅವರ ಹೆಸರು ಬೆಳೆಯಿತು. ರಂಗ ಮಬ್ಬಾಗಿ ಕಂಡಿತೆಂದು ಅವರು ಇನ್ನೊಂದು ದೀಪ ಸೇರಿಸುವರು. ಕಾಡಿನ ನಡುರಾತ್ರಿಯಲ್ಲೂ ನಟರ ಮೂಗಿನ ಬೆವರು ಹಿಂದಿನ ಸಾಲಿಗೆ ಕಾಣುವುದು. ನೋಡಲು ಬಂದವರು ಬಹುಪಾಲು ನಟರ ನೆಂಟರಿಷ್ಟರೇ ತಾನೆ? "ನಮ್ಮ ಹುಡುಗಿ ಮುಖ ಎಷ್ಟು ಚೆನ್ನಾಗಿ ಕಾಣ್ತು" ಎಂದು ಹಿಗ್ಗಿ ಹೋಗುವರು. ಹಗಲುರಾಯ ಎಂಬ ಅಡ್ಡಹೆಸರು ಬಿದ್ದದ್ದು ಆಗಲೇ. ರಾಯರು ಅದನ್ನು ಬಿರುದೆಂದೇ ತಿಳಿದುಕೊಂಡಿದ್ದರು, ಪಾಪ.

ಔಷಧಿ ಅಂಗಡಿ ನಡೆಸುವ ಹೆಂಗಸೊಬ್ಬಳು ತಾನೇ ಬರೆದು ಆಡಿಸಿದ ನಾಟಕ ಎಲ್ಲವನ್ನೂ ಬಯಲಿಗೆಳೆಯಿತು. ಕೊನೆಯಲ್ಲೊಂದು ರಾತ್ರಿ. ಮಗಳು ಪೆಟ್ಟಿಗೆ ಹಿಡಿದು ಸದ್ದಿಲ್ಲದೆ ಮನೆ ಬಿಟ್ಟು ಹೊರಡುತ್ತಾಳೆ. ಅಪ್ಪ ಕತ್ತಲಲ್ಲಿ ಕುರ್ಚಿಯ ಮೇಲೆ ಎಚ್ಚರವಾಗಿಯೇ ಕೂತಿರುತ್ತಾನೆ, ತಡೆಯುವುದಿಲ್ಲ. ಅವನಿರುವುದು ಅವಳಿಗೆ ತಿಳಿಯುವುದಿಲ್ಲ, ನೋಡುವವರಿಗೆ ಮಾತ್ರ ತಿಳಿಯುತ್ತದೆ. ರಾಯರು ತಮ್ಮ ಲೆಕ್ಕದಲ್ಲಿ ಗಾಢ ಕತ್ತಲೆಯನ್ನೇ ಕೊಟ್ಟಿದ್ದರು. ಕೊನೆಯ ತಾಲೀಮು ನೋಡಲು ಬಂದಿದ್ದ ನೆಂಟರು ಆ ದೃಶ್ಯಕ್ಕೆ ಗೊಳ್ಳೆಂದು ನಕ್ಕರು. "ಅಪ್ಪ ಮೂಗಿನ ಮುಂದೇ ಕೂತಿದಾನೆ, ಹುಡುಗಿಗೆ ಕಣ್ಣು ಕುರುಡಾ?" ಎಂದು ಒಬ್ಬ ಕೂಗಿಯೇಬಿಟ್ಟ.

ಎಲ್ಲರೂ ಹೋದ ಮೇಲೆ ಅಂಗಡಿಯಾಕೆ ಬಂದು ರಾಯರ ಪಕ್ಕ ಕೂತಳು.

"ರಾಯರೇ, ಇನ್ನೂ ಇಳಿಸಬೇಕು."

"ಇನ್ನು ಇಳಿಸಿದ್ರೆ ಏನೂ ಕಾಣಲ್ಲಮ್ಮ."

"ನಿಮಗೆ ಕಾಣಲ್ಲ."

ರಾಯರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಏನು ಬಂತು. "ಯಾವಾಗಿಂದ ಗೊತ್ತು?" ಎಂದರು.

"ಎಲ್ಲಾ ತಂಡದವರಿಗೂ ಗೊತ್ತು. ಆ ಹೆಸರು ಸುಮ್ನೆ ಇಟ್ರು ಅಂದ್ಕೊಂಡ್ರಾ?"

"ಮತ್ತೆ ಒಬ್ಬರಾದ್ರೂ ಹೇಳಬಾರದಿತ್ತಾ?"

"ಅವರಿಗೆ ಮುಖ ಕಂಡ್ರೆ ಸಾಕಾಗಿತ್ತು," ಎಂದಳು ಆಕೆ. "ನನಗೆ ಈ ರಾತ್ರಿ ಬೇಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇಜಾರಿಲ್ಲ."

ಮನೆಗೆ ಬಂದ ರಾಯರು ಚಪ್ಪಲಿ ಕೂಡ ಬಿಡದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದರು. ನಾಚಿಕೆಗಿಂತ ಆಯಾಸವೇ ಹೆಚ್ಚಾಗಿತ್ತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ರವಿಕೆಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಬಿಟ್ಟುಬಿಡ್ತೀನಿ ಕಣೇ. ಸಾಕಾಯ್ತು."

"ಬಿಟ್ಟು? ಇಡೀ ದಿನ ಮನೇಲಿ ಕೂತು ನನ್ನ ತಲೆ ತಿನ್ನೋಕಾ?" ಎಂದಳು. ಗುಂಡಿಯ ದಾರ ಕಡಿದು ಅವಳೇ, "ಎಷ್ಟು ಕತ್ತಲೆ ಬೇಕಂತೆ?" ಎಂದು ಕೇಳಿದಳು.

"ಕುರ್ಚಿ ಮೇಲಿನ ಅಪ್ಪ ಕಾಣಬೇಕು. ಆದ್ರೆ ಅವನು ಕಂಡೂ ಕಾಣದ ಹಾಗಿರಬೇಕು."

"ಅಂದ್ರೆ ಸೂಜಿ ಕಾಣಬೇಕು, ದಾರ ಪೋಣಿಸೋಕೆ ಆಗಬಾರದು. ಅಷ್ಟು ತಾನೆ? ನಾನು ಬರ್ತೀನಿ."

ಅವರ ಅಷ್ಟು ವರ್ಷದ ನಕ್ಷೆಗಳಲ್ಲಿ ಕತ್ತಲೆಗೆ ಇಷ್ಟು ಸರಿಯಾದ ಅಳತೆ ಇರಲೇ ಇಲ್ಲ. ಮಾರನೆಯ ದಿನ ಖಾಲಿ ಸಭಾಂಗಣದಲ್ಲಿ ಇಬ್ಬರೂ ಕೂತರು. ರಾಯರು ನಕ್ಷೆಯಿಂದ ದೀಪಗಳನ್ನು ಒಂದೊಂದಾಗಿ ಹೊಡೆದುಹಾಕಿ ಕೊನೆಗೆ ಒಂದನ್ನೇ ಉಳಿಸಿಕೊಂಡರು. ಬೆಳಕು ಏರಿಸಿ ಇಳಿಸುವ ಡಿಮ್ಮರಿನ ಮೇಲೆ ಅವರ ಕೈ, ಅವರ ಮಣಿಕಟ್ಟಿನ ಮೇಲೆ ಅವಳ ಕೈ. ಒತ್ತಿದರೆ ಇಳಿಸಬೇಕು, ಬಿಟ್ಟರೆ ನಿಲ್ಲಿಸಬೇಕು ಎಂದು ಮಾತಾಯಿತು.

ನಾಟಕದ ಸಂಜೆ ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯ ಬಂದಾಗ ಹೆಂಡತಿ ಒತ್ತಿದಳು. ಇಳಿಸಿದರು. ಮತ್ತೆ ಒತ್ತಿದಳು. ರಾಯರ ಪಾಲಿಗೆ ಕುರ್ಚಿ ಹೋಯಿತು, ಬಾಗಿಲು ಹೋಯಿತು, ಹುಡುಗಿಯೂ ಹೋದಳು. ಕಣ್ಣ ಮುಂದೆ ಏನೇನೂ ಇಲ್ಲ. ಇನ್ನು ನಗು ಬರುತ್ತದೆ ಎಂದು ಕಾದರು.

ನಗು ಬರಲಿಲ್ಲ. ಕೆಮ್ಮುತ್ತಿದ್ದವರು ಕೂಡ ಕೆಮ್ಮು ನಿಲ್ಲಿಸಿದ್ದರು. ಹುಡುಗಿಯ ಹೆಜ್ಜೆ ಹಲಗೆಯ ಮೇಲೆ ನಿಧಾನವಾಗಿ ದಾಟಿ ಹೋಗುವುದು ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಹೆಂಡತಿಯ ಕೈ ಯಾವಾಗಲೋ ಮಣಿಕಟ್ಟನ್ನು ಬಿಟ್ಟಿತ್ತು.

"ಏನಾಗ್ತಿದೆಯೇ? ಸರಿಯಾಗಿದೆಯಾ?" ರಾಯರು ಅವಳ ಕಿವಿಯಲ್ಲಿ ಕೇಳಿದರು.

"ಶ್, ಸುಮ್ನಿರ್ರೀ," ಎಂದಳು ಅವಳು, ಅವರ ಕಡೆ ತಿರುಗದೆ. ಅವಳು ನಾಟಕ ನೋಡುತ್ತಿದ್ದಳು.