ಇನಿಡ್ ಹೆಕ್ಕಿದ ಚಿಪ್ಪುಗಳು

ಹೋಬಾರ್ಟಿನಲ್ಲಿ ಗೋಡೆಗೆ ಬಡಿದ ಹಿತ್ತಾಳೆ ಫಲಕ ಕಂಡರೆ ಸಾಕು, ಕ್ಲೆಮ್ ಪೈಬಸ್‌ನ ಕಾಲು ತಾನಾಗಿ ನಿಲ್ಲುತ್ತಿತ್ತು. ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಠಸ್ಸೆ ಒತ್ತಿದ ಮನುಷ್ಯ. ನಿವೃತ್ತನಾದ ಮೇಲೆ ಊರಿನ ಇತಿಹಾಸವೆಲ್ಲ ತನ್ನ ಉಸ್ತುವಾರಿಗೆ ಬಂದಿದೆ ಎಂದೇ ನಂಬಿದ್ದ; ಜನ ತಮಾಷೆಗೆ ಅವನನ್ನು 'ಪ್ರೊಫೆಸರ್' ಎನ್ನುತ್ತಿದ್ದರು. ಯಾವ ಕಪ್ತಾನ ಯಾವ ಮನೆಯಲ್ಲಿ ಸತ್ತ ಎಂಬುದನ್ನು ದಾರಿಹೋಕರಿಗೂ ಕೇಳಿಸುವಂತೆ ಓದುತ್ತಿದ್ದ. ಪಕ್ಕದಲ್ಲಿ ನಿಂತ ಹೆಂಡತಿ ಇನಿಡ್, "ಸತ್ನಾ? ಸರಿ, ನಡಿ, ಬಸ್ಸು ಹೋಗತ್ತೆ," ಎನ್ನುತ್ತಿದ್ದಳು.

ಬಂದರಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಸಮುದ್ರದ ಚಿಪ್ಪುಗಳ ಒಂದು ಕಪಾಟೇ ಇತ್ತು. ಪ್ರತಿ ಚಿಪ್ಪಿನಡಿ ಒಂದು ಚೀಟಿ: 'ಸಂಗ್ರಹಿಸಿದವರು: ಕ್ಲೆಮ್ ಪೈಬಸ್.' ತಾನು ಸೊಂಟಮಟ್ಟ ನೀರಿಗಿಳಿದ ಸಾಹಸವನ್ನು ಕ್ಲೆಮ್ ಬುಧವಾರ ಬುಧವಾರ ಪ್ರವಾಸಿಗಳಿಗೆ ಬಣ್ಣಿಸುತ್ತಿದ್ದ.

ಆ ದಕ್ಷಿಣದ ಊರಿಗೆ ಚಳಿಗಾಲವಾದ ಜುಲೈಯಲ್ಲಿ ಇನಿಡ್ ತೀರಿಕೊಂಡಳು. ಅವಳ ಹೆಸರಿನದೊಂದು ಫಲಕ ಸಂಗ್ರಹಾಲಯದ ಬಾಗಿಲಲ್ಲಿ ಬೇಕು ಎಂದು ಕ್ಲೆಮ್ ಅರ್ಜಿ ಹಾಕಿದ. ಸಂಗ್ರಹಕ್ಕೆ ಅವಳು ಏನು ಕೊಟ್ಟಿದ್ದಳು ಎಂಬುದಕ್ಕೆ ಸಮಿತಿ ಲಿಖಿತ ಪುರಾವೆ ಕೇಳಿತು. ಮೇಲ್ವಿಚಾರಕಿ ರೋಂಡಾ ಖಾನೆಗಳನ್ನೆಲ್ಲ ಎಳೆದು ನೋಡಿದಳು.

"ಎಲ್ಲೂ ಇನಿಡ್ ಹೆಸರೇ ಇಲ್ವಲ್ಲ, ಪ್ರೊಫೆಸರ್ರೇ! ಎಲ್ಲಾ ನೀವೇ."

"ಬರೆದೋಳು ಅವಳೇ. ಅಕ್ಷರ ನೋಡು."

"ಅಕ್ಷರ ಅವರ್ದು, ಹೆಸರು ನಿಮ್ದು. ಸಮಿತಿಯೋರು ಆಗ್ಲೇ ಮಾತಾಡ್ಕೊಂಡಿದಾರೆ, ಫಲಕ ಹಾಕೋದಾದ್ರೆ ನಿಮ್ಮ ಹೆಸರಲ್ಲೇ ಹಾಕೋಣ ಅಂತ."

ಇಂಥದೊಂದು ಫಲಕದ ಒಕ್ಕಣೆಯನ್ನು ಕ್ಲೆಮ್ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಎಷ್ಟು ಸಲ ತಿದ್ದಿದ್ದನೋ.

"ನಾನು ಒಂದೂ ಹೆಕ್ಕಿಲ್ಲ, ರೋಂಡಾ."

ಅವಳು ನಕ್ಕಳು. "ಅಯ್ಯೋ, ಬಿಡಿ! ನಿಮಗ್ಯಾವಾಗ ಬಂತು ಈ ವಿನಯ?"

"ವಿನಯ ಅಲ್ಲ ಕಣೇ. ಎಲ್ಲಾ ಅವಳೇ ಹೆಕ್ಕಿದ್ದು."

ಅವನ ಮುಖ ನೋಡಿ ಅವಳ ನಗು ನಿಂತಿತು. ಹಳೇ ಚೀಟಿಯನ್ನು ಎಸೆಯುವ ಪದ್ಧತಿ ಅಲ್ಲಿಲ್ಲ. ತಪ್ಪಿದ್ದರೆ ಅದರಡಿ ಹೊಸದೊಂದನ್ನು ಇಟ್ಟು, ಕಣ್ಣಾರೆ ಕಂಡವರೊಬ್ಬರು ಸಹಿ ಹಾಕಬೇಕು. ರೋಂಡಾ ಹೊಸ ಚೀಟಿಯಲ್ಲಿ ಇನಿಡ್ ಪೈಬಸ್ ಎಂದು ಬರೆದು ಪೆನ್ನು ಮುಂದೆ ಮಾಡಿದಳು.

"ಅವರು ಹೆಕ್ಕಿದ್ದನ್ನ ನೀವು ನೋಡಿದೀರಲ್ಲ, ಸಹಿ ಹಾಕಿ. ಅದೇ ಪುರಾವೆ."

ಕ್ಲೆಮ್ ಪೆನ್ನು ಹಿಡಿದ. ನೆನಪಾದದ್ದು ಕಡಲ ದಂಡೆಯಲ್ಲಿ ಗಾಳಿಗೆ ಗಾಜು ಏರಿಸಿದ ಕಾರು, ಥರ್ಮಾಸಿನ ಚಹಾ, ರೇಡಿಯೋದಲ್ಲಿ ಕ್ರಿಕೆಟ್ಟು. ಬೆರಳು ನೀಲಿಗಟ್ಟಿದ ಇನಿಡ್ ಬಂದು ಒದ್ದೆ ಬಕೆಟ್ಟನ್ನು ಅವನ ತೊಡೆಯ ಮೇಲಿಟ್ಟು, "ತಗೋ, ಇವತ್ತು ನೀನು ಹುಡುಕಿದ್ದು," ಎಂದು ನಗುತ್ತಿದ್ದಳು. ಅವನು, "ಶ್, ವಿಕೆಟ್ ಬಿತ್ತು," ಎನ್ನುತ್ತಿದ್ದ.

"ನೋಡಿಲ್ಲ," ಎಂದ.

"ಏನಂದ್ರಿ?"

"ಒಂದ್ಸಲಾನೂ ಕಾರಿಂದ ಇಳೀಲಿಲ್ಲ ನಾನು." ಪೆನ್ನು ಚೀಟಿಯ ಮೇಲೇ ನಿಂತಿತ್ತು. "ನೀರಲ್ಲಿ ಅವಳು ಹೆಂಗೆ ಬಗ್ತಿದ್ಲು ಅನ್ನೋದೂ ಗೊತ್ತಿಲ್ಲ ನಂಗೆ."