ಹಾಸ್ಟೆಲ್ ಲೈನಿನ ಅಕ್ಕು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಸೀವುಡ್ಸ್ ನಿಲ್ದಾಣದಿಂದ ಹತ್ತು ನಿಮಿಷದ ದಾರಿಯಲ್ಲಿರುವ ವಿಶ್ವವಿದ್ಯಾಲಯದ ಗೇಟನ್ನು ಕಾವಲುಗಾರ ಅರ್ಧ ಮಾತ್ರ ತೆರೆಯುತ್ತಾನೆ. ಒಳಗೆ ಬರುವವರು ಈ ಹೊತ್ತಿಗೆ ಒಬ್ಬರೇ ಎಂದು ಅವನಿಗೆ ಗೊತ್ತು. ಅಕ್ಕು ಪೂಜಾರಿ ಮೂರನೇ ಮಹಡಿಯ ಮೂಲೆಯ ಕೋಣೆಗೆ ಬಂದು, ಬಾಟಲಿಯ ನೀರನ್ನು ಎರಡು ಗುಟುಕು ಕುಡಿದು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಡೊಂಬಿವಲಿಯಿಂದ ಮೊದಲ ಲೋಕಲ್‌ಗಳಲ್ಲೊಂದನ್ನು ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ ಬಂದ ದಣಿವು ಮುಖದಲ್ಲಿದೆ, ದನಿಯಲ್ಲಿ ಇಲ್ಲ.

ಮೊದಲ ನಂಬರು ಟೊರಾಂಟೊದ್ದು. ಅಲ್ಲಿ ಈಗ ನಿನ್ನೆಯ ರಾತ್ರಿ ಊಟದ ಹೊತ್ತು.

"ನಮಸ್ಕಾರ, ಯುನಿವರ್ಸಿಟಿಯಿಂದ ಮಾತಾಡ್ತಾ ಇದ್ದೇನೆ. ಶರ್ಮಿಳಾ ಅವರಾ?"

ಅವರ ಬಗ್ಗೆ ಬರೆಯಲು ಬಂದ ನನಗೂ ಕೇಳಲೆಂದು ಅಕ್ಕು ಸ್ಪೀಕರ್ ಹಾಕಿದ್ದಾರೆ. ಆ ಕಡೆಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಹುಡುಗಿಯಂತೆ ಕೂಗುತ್ತಾಳೆ: "ಆಪ್ ಹಾಸ್ಟೆಲ್ ಲೈನ್‌ವಾಲಿ ದೀದಿ ಹೋ ನಾ?" ಹಾಸ್ಟೆಲ್ ಲೈನಿನ ಅಕ್ಕ ನೀವೇ ಅಲ್ಲವಾ ಎಂದು.

ಅಕ್ಕು ನಗುತ್ತಾರೆ. "ಹೌದು, ನಾನೇ."

ಈ ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ಇವತ್ತಿನವರೆಗೂ.

ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಈಗ ಓದುತ್ತಿರುವ ಮಕ್ಕಳಿಗಾಗಿ ದೇಣಿಗೆ ಕೇಳುವುದು ಅಕ್ಕು ಅವರ ಕೆಲಸ. ಸಂಬಳದ ಚೀಟಿಯಲ್ಲಿ ಅವರು ಕಿರಿಯ ಸಹಾಯಕಿ. ಈ ಬರಹದಲ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಬಾರದು ಎಂದು ಅವರು ಮೊದಲೇ ಷರತ್ತು ಹಾಕಿದ್ದರು. "ನಾಳೆ ಸಾಹೇಬರು ಕರೆದು ಕೇಳಿದರೆ ಉತ್ತರ ಕೊಡುವವಳು ನಾನಲ್ಲವಾ?"

ಅಕ್ಕು ಅವರ ತಂದೆ ಪೂವಪ್ಪ ಕಾರ್ಕಳದ ಕಡೆಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಹೊಯ್ದವರು. ಮಗಳು ಹಗಲು ಮನೆಗೆಲಸ, ಸಂಜೆ ಕನ್ನಡ ರಾತ್ರಿಶಾಲೆ ಎಂದು ಓದಿ ಹತ್ತನೆಯ ತರಗತಿ ಮುಗಿಸಿದಳು. ಕಾಲೇಜಿನ ಅರ್ಜಿ ತಂದದ್ದೂ ಆಗಿತ್ತು. ಅದೇ ವರ್ಷ ಕಾವಲಿಯ ಹೊಗೆಗೆ ತಂದೆಯ ಕಣ್ಣು ಮಂಜಾಯಿತು. ಅರ್ಜಿ ಪೆಟ್ಟಿಗೆ ಸೇರಿತು, ಅಕ್ಕು ಟೆಲಿಫೋನ್ ಆಪರೇಟರ್ ತರಬೇತಿಗೆ ಸೇರಿದರು. ೧೯೮೮ರಲ್ಲಿ, ವಿಶ್ವವಿದ್ಯಾಲಯ ಇನ್ನೂ ಠಾಣೆಯ ಹಳೆಯ ಕಟ್ಟಡದಲ್ಲಿದ್ದಾಗ, ಅದರ ಸ್ವಿಚ್‌ಬೋರ್ಡಿನ ಮುಂದೆ ಕುಳಿತರು.

"ಒಂದೇ ಲೈನು, ಎರಡು ಹಾಸ್ಟೆಲ್ಲು. ಊರಿಂದ ಫೋನ್ ಬಂದರೆ ಮೊದಲು ನನಗೇ ಬರಬೇಕು. ಯಾರ ಅಕ್ಕನಿಗೆ ಹೆರಿಗೆ ಆಯ್ತು, ಯಾರಿಗೆ ಮನಿ ಆರ್ಡರ್ ಬರಲಿಲ್ಲ, ಎಲ್ಲ ಗೊತ್ತಿತ್ತು ಮಾರ್ರೆ. ಪಾಠ ಒಂದು ಮಾತ್ರ ಗೊತ್ತಿರಲಿಲ್ಲ. ಕ್ಲಾಸ್ ರೂಮು ನಮ್ಮ ಗೋಡೆಯ ಆಚೆ. ಪ್ರೊಫೆಸರು ಏನೋ ಹೇಳ್ತಾರೆ, ಮಕ್ಕಳು ನಗ್ತಾರೆ. ಯಾಕೆ ನಕ್ಕದ್ದು ಅಂತ ನನಗೆ ಯಾವತ್ತೂ ತಿಳೀಲಿಲ್ಲ."

ಮೊಬೈಲ್ ಬಂದ ಮೇಲೆ ಸ್ವಿಚ್‌ಬೋರ್ಡ್ ಹೋಯಿತು. ಅಕ್ಕು ಹಲವು ವರ್ಷ, ಬರುವ ಹೋಗುವ ಪತ್ರಗಳನ್ನು ನೋಡಿಕೊಳ್ಳುವ ಆವಕ ಜಾವಕ ವಿಭಾಗದಲ್ಲಿ ಲಕೋಟೆಗಳಿಗೆ ಮುದ್ರೆ ಒತ್ತಿದರು. ಮೂರು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿಗಳ ಘಟಕ ಆರಂಭವಾದಾಗ ಅಲ್ಲಿಗೆ ಯಾರನ್ನಾದರೂ ಹಾಕಬೇಕಿತ್ತು, ಇವರನ್ನು ಹಾಕಿದರು. ಇವರ ದನಿಯನ್ನು ಜನ ಇನ್ನೂ ಮರೆತಿಲ್ಲವೆಂದು ಆಗ ಯಾರಿಗೂ ಅಂದಾಜಿರಲಿಲ್ಲ, ಇವರಿಗೂ ಇರಲಿಲ್ಲ. ಒಂದು ಮುಂಜಾವಿಗೆ ಮೂವತ್ತು ಕರೆ. ಇಪ್ಪತ್ತು ಮಂದಿ ಎತ್ತುವುದಿಲ್ಲ. ಎತ್ತಿದವರಲ್ಲಿ ಕೆಲವರು ಆಮೇಲೆ ಮಾಡಿ ಎನ್ನುತ್ತಾರೆ, ಇಬ್ಬರು ಕತ್ತರಿಸುತ್ತಾರೆ. ಒಬ್ಬರೋ ಇಬ್ಬರೋ ಮಾತಾಡುತ್ತಾರೆ.

ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಭೂವಿಜ್ಞಾನದ ಕೊನೆಯ ವರ್ಷದ ಮಯೂರಿ ಈ ಕೋಣೆಗೆ ಬಂದಳು. ಕಲ್ಯಾಣದ ಹುಡುಗಿ. ತಾಯಿ ಬ್ಲೌಸ್ ಹೊಲಿಯುತ್ತಾರೆ. ಭೂವಿಜ್ಞಾನದ ಮಕ್ಕಳು ಕೊನೆಯ ವರ್ಷ ಮೂರು ವಾರ ಬೆಟ್ಟಗುಡ್ಡ ಅಲೆದು ಬಂಡೆಗಳನ್ನು ಓದುವ ಶಿಬಿರಕ್ಕೆ ಹೋಗಬೇಕು. ಅದರ ಅನುದಾನ ನಿಂತು, ಖರ್ಚೆಲ್ಲ ಮಕ್ಕಳ ತಲೆಯ ಮೇಲೆ ಬಿದ್ದಿತ್ತು. ಮೂವತ್ತನಾಲ್ಕರಲ್ಲಿ ಹನ್ನೊಂದು ಮಕ್ಕಳು ಹಿಂದೆ ಸರಿದಿದ್ದರು. ಮಯೂರಿ ಹನ್ನೆರಡನೆಯವಳು.

"ಮಾವಶಿ, ಮಾಝ ನಾವ್ ಕಾಢಾ," ಎಂದಳು. ಚಿಕ್ಕಮ್ಮಾ, ನನ್ನ ಹೆಸರು ತೆಗೆದುಬಿಡಿ.

"ಅದು ನನ್ನ ಕೆಲಸ ಅಲ್ಲ. ಪಕ್ಕದ ಕೋಣೆಗೆ ಹೋಗಬೇಕಿತ್ತು ಅವಳು," ಎನ್ನುತ್ತಾರೆ ಅಕ್ಕು. "ಆದರೆ ಅವಳು ಹೇಳಿದ ರೀತಿ ಉಂಟಲ್ಲ, ಅಳಲಿಲ್ಲ, ಏನಿಲ್ಲ. ಬಸ್ ಟಿಕೆಟ್ ಕೇಳಿದ ಹಾಗೆ ಕೇಳಿದಳು. ಎರಡು ದಿನ ತಡಿ ಅಂದೆ."

ಎರಡು ದಿನ ತಡಿ ಎನ್ನಲು ಕಾರಣವಿತ್ತು. ಪಟ್ಟಿಯಲ್ಲಿ ಒಂದು ನಂಬರಿತ್ತು. ಏಳು ತಿಂಗಳಿಂದ ಅಕ್ಕು ಅದನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದರು. ಕೈಲಾಸ, ಭೂವಿಜ್ಞಾನ, ೧೯೯೪ರ ತಂಡ. ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಣಿ ಕಂಪನಿಯೊಂದರ ದೊಡ್ಡ ಹುದ್ದೆ.

೧೯೯೪ರ ಏಪ್ರಿಲ್‌ನಲ್ಲಿ ಕೈಲಾಸ ಹಾಸ್ಟೆಲಿನ ಹುಡುಗ. ಊರು ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ. ತಂದೆ ಆಸ್ಪತ್ರೆಯಲ್ಲಿದ್ದರು. ಮಗ ದಿನಾ ಬೆಳಿಗ್ಗೆ ಹಾಸ್ಟೆಲಿನ ಫೋನೆತ್ತಿ ಅಕ್ಕು ಅವರನ್ನು ಕೇಳುತ್ತಿದ್ದ: "ಅಕ್ಕಾರ, ಊರಿಂದ ಫೋನ್ ಬಂದಿತ್ತೇನ್ರಿ?"

ಕೊನೆಯ ಪರೀಕ್ಷೆಯ ದಿನ ಒಂಬತ್ತೂ ಇಪ್ಪತ್ತಕ್ಕೆ ಎಸ್‌ಟಿಡಿ ಬೂತಿನಿಂದ ಫೋನ್ ಬಂತು. ಮಾತಾಡಿದವರು ಕೈಲಾಸನ ತಾಯಿ ನೀಲಗಂಗಾ. "ಅವರಪ್ಪ ನಸುಕಿನ್ಯಾಗ ಹೋದ್ರು. ಮಗಂಗ ಈಗ ಹೇಳಬ್ಯಾಡ ತಂಗಿ. ಇವತ್ತ ಕಡೀ ಪೇಪರ್ ಐತಿ. ಬರದು ಮುಗಸ್ಲಿ, ಆಮ್ಯಾಲ ಹೇಳು."

ಕಾಲು ಗಂಟೆಯ ಬಳಿಕ ಕೈಲಾಸನ ಎಂದಿನ ಪ್ರಶ್ನೆ ಬಂತು. ಅಕ್ಕು "ಇಲ್ಲ" ಎಂದರು. ಪರೀಕ್ಷೆ ಮುಗಿದ ಮೇಲೆ ಹಾಸ್ಟೆಲಿನ ಫೋನಿಗೆ ಕರೆಸಿ ನಿಜ ಹೇಳಿದರು. "ಫೋನ್ ಎಷ್ಟೊತ್ತಿಗೆ ಬಂದಿತ್ತು?" ಎಂದು ಕೇಳಿದ. "ಬೆಳಿಗ್ಗೆ," ಎಂದಾಗ ಫೋನಿಟ್ಟ. ಮರುದಿನ ಅವನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಆಮೇಲೆ ಅವನು ಅಕ್ಕು ಅವರ ಲೈನಿಗೆ ಬರಲೇ ಇಲ್ಲ. ಪ್ರಥಮ ದರ್ಜೆಯಲ್ಲಿ ಪಾಸಾದನೆಂದು ಬೇರೆ ಹುಡುಗರಿಂದ ತಿಳಿಯಿತು.

"ಮೂವತ್ತು ವರ್ಷ," ಎನ್ನುತ್ತಾರೆ ಅಕ್ಕು. "ಆ 'ಇಲ್ಲ' ನನ್ನ ಬಾಯಲ್ಲೇ ಉಳಿದಿತ್ತು. ಅಂಥವನ ಹತ್ತಿರ ದುಡ್ಡು ಕೇಳುವುದು ಹೇಗೆ?"

ಮಯೂರಿ ಬಂದು ಹೋದ ಮರುದಿನ ಮುಂಜಾನೆ ಅವರು ಪರ್ತ್‌ಗೆ ಫೋನ್ ಮಾಡಿದರು. "ಕೈಲಾಸ, ನಾನು ಅಕ್ಕು. ತೊಂಬತ್ತನಾಲ್ಕರಲ್ಲಿ ನಿಮಗೆ ಸುಳ್ಳು ಹೇಳಿದವಳು. ನಿಮ್ಮ ತಾಯಿಯೇ ಹಾಗೆ ಹೇಳಲು ಹೇಳಿದ್ದರು. ಆದರೂ ಸುಳ್ಳು ನನ್ನದೇ." ಇಷ್ಟು ಹೇಳುವಷ್ಟರಲ್ಲಿ ಆ ಕಡೆಯಿಂದ ಫೋನ್ ಕಟ್ಟಾಯಿತು.

ಇಡೀ ದಿನ ಅವರು ಬೇರೆ ನಂಬರು ಒತ್ತಲಿಲ್ಲ. ಮಯೂರಿ ಬಂದಾಗ ಇನ್ನಷ್ಟು ದಿನ ತಡಿ ಎಂದರು. ಅವಳು ತಡೆದಳು.

ಹನ್ನೊಂದನೆಯ ದಿನ, ಆರೂ ಇಪ್ಪತ್ತಕ್ಕೆ, ಈ ಕೋಣೆಯ ಫೋನ್ ತಾನಾಗಿ ರಿಂಗಾಯಿತು. ಅಷ್ಟು ಬೆಳಿಗ್ಗೆ ಇಲ್ಲಿಗೆ ಯಾರೂ ಫೋನ್ ಮಾಡಿದ್ದಿಲ್ಲ.

"ಅಕ್ಕಾರ," ಎಂದಿತು ದನಿ. "ಅವ್ವ ಅವತ್ತ ಏನಂದ್ಲು? ಆಕಿ ಅಂದಂಗ ಹೇಳ್ರಿ."

ನೀಲಗಂಗಾ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆಯೇ ಫೋನ್ ಮಾಡಿದ್ದೆ ಎಂದಷ್ಟೇ ಮಗನಿಗೆ ಹೇಳಿದ್ದರು. ಹೇಳಬೇಡ ಎಂದವಳು ತಾನೇ ಎಂಬುದನ್ನು ಹೇಳದೆಯೇ ಹೋಗಿದ್ದರು. ತಾಯಿಯ ದನಿ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಅಕ್ಕು ಇಂಡಿಯ ಆ ಕನ್ನಡವನ್ನು ತಮ್ಮ ಕರಾವಳಿಯ ನಾಲಿಗೆಯಲ್ಲಿ, ತಿಳಿದ ಹಾಗೆ, ಒಂದೊಂದೇ ಮಾತಾಗಿ ಹೇಳಿದರು.

"ಅಳ್ತಿದ್ಲೇನು?"

"ಇಲ್ಲ. ದನಿ ಗಟ್ಟಿ ಇತ್ತು. ಇಡುವ ಮೊದಲು ಇನ್ನೊಂದು ಮಾತು ಹೇಳಿದರು. 'ಹೊಟ್ಟಿಗೆ ಏನರ ತಿಂದಾನೇನು, ಕೇಳವಾ' ಅಂದರು. ನಾನು ನಿಮ್ಮನ್ನು ಕೇಳಿದ್ದೆ. ನೆನಪುಂಟಾ?"

"ಕೇಳಿದ್ರಿ. ನಾಷ್ಟಾ ಆತೇನು ಅಂದ್ರಿ. ಇವರ‍್ಯಾಕ ಇದನ್ನ ಕೇಳ್ತಾರ ಅನ್ಕೊಂಡಿದ್ದೆ ನಾ." ತಾಯಿಯ ಮಾತನ್ನು ಇನ್ನೊಮ್ಮೆ ಹೇಳಿ ಎಂದರು ಕೈಲಾಸ. ಅಕ್ಕು ಇನ್ನೊಮ್ಮೆ ಹೇಳಿದರು.

ದೇಣಿಗೆಯ ಮಾತನ್ನು ಅವತ್ತು ಅಕ್ಕು ಎತ್ತಲಿಲ್ಲ. ಈ ಸಾಲುಗಳನ್ನು ಬರೆಯಲು ಅನುಮತಿ ಕೇಳಿ ನಾನು ಫೋನ್ ಮಾಡಿದಾಗ ಕೈಲಾಸ ಹೇಳಿದರು: "ಅವರು ಕೇಳಲೇ ಇಲ್ರಿ. ನಾನೇ ಕೇಳಿದೆ, ಇಷ್ಟ ಮುಂಜಾನೆದ್ದು ನೀವ್ ಏನ್ ಮಾಡಾಕತ್ತೀರಿ ಅಂತ. ಆಗ ಆ ಹುಡುಗೀ ಸುದ್ದಿ ಬಂತು."

ಆ ವರ್ಷ ಮೂವತ್ತನಾಲ್ಕು ಮಕ್ಕಳೂ ಶಿಬಿರಕ್ಕೆ ಹೋದರು. ಈಗ ನೀಲಗಂಗಾ ಅವರ ಹೆಸರಿನಲ್ಲಿ ಕೈಲಾಸ ಇಟ್ಟ ಶಾಶ್ವತ ನಿಧಿಯಿದೆ. ಅದರ ಕೆಳಗೆ ಬೇರೆಯವರ ನೂರು, ಸಾವಿರದ ದೇಣಿಗೆಗಳೂ ಸೇರಿವೆ. ಇನ್ನು ಶಿಬಿರದ ಪಟ್ಟಿಯಿಂದ ಹೆಸರು ತೆಗೆಸಲು ಯಾರೂ ಬರಬೇಕಿಲ್ಲ. ಮಯೂರಿಗೆ ಸುರಂಗ ಕೊರೆಯುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಶಿಬಿರದ್ದಂತೆ.

ನಿಧಿಯ ಉದ್ಘಾಟನೆಯ ದಿನ ವೇದಿಕೆಯ ಮೇಲೆ ಎಂಟು ಕುರ್ಚಿಗಳಿದ್ದವು. ಅಕ್ಕು ಬಾಗಿಲ ಬಳಿ ನಿಂತು ಬಂದವರಿಗೆ ಗುಲಾಬಿ ಕೊಡುತ್ತಿದ್ದರು. ಬೇಸರವಾಗಲಿಲ್ಲವೇ ಎಂದರೆ ಕೈಯಾಡಿಸುತ್ತಾರೆ. "ಛೆ, ಅದೆಲ್ಲ ಇಲ್ಲ. ಕುರ್ಚಿಯಲ್ಲಿ ಕೂತು ನಾನು ಏನು ಮಾಡಲಿ?"

ಮಾರ್ಚ್‌ನಲ್ಲಿ ಅವರು ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ ಖಂಡಿತ. ಬೇರೆ ಏನಾದರೂ ಬೇಕೇ ಎಂದು ಕೇಳುತ್ತೇನೆ. ಹೊರಗೆ ಬೆಳಕಾಗಿದೆ. ಕೆಳಗೆ ಮೊದಲ ಪಾಠಕ್ಕೆ ಮಕ್ಕಳು ಬರತೊಡಗಿದ್ದಾರೆ. ಅಕ್ಕು ಕಿಟಕಿಯಿಂದ ಅವರನ್ನು ನೋಡುತ್ತಾರೆ.

"ಒಂದೇ ಒಂದು ಕ್ಲಾಸಿನಲ್ಲಿ ಕೂತುಕೊಳ್ಳಬೇಕು ಅಂತ ಉಂಟು. ಹಿಂದಿನ ಬೆಂಚಾದರೂ ಅಡ್ಡಿಯಿಲ್ಲ. ಪಾಠ ಅರ್ಥ ಆಗದಿದ್ದರೂ ಅಡ್ಡಿಯಿಲ್ಲ. ಹಾಜರಿ ಕರೆಯುವಾಗ ಮೇಡಂ ನನ್ನ ಹೆಸರು ಕರೀಬೇಕು. ನಾನು ಎದ್ದು ನಿಂತು 'ಯಸ್ ಮೇಡಂ' ಅನ್ನಬೇಕು. ಅಷ್ಟೇ ಮಾರ್ರೆ."