ಉಸುಕಿನ ಹೂವಿನ ಕುಲ

ಕಾಲೇಜಿಗಾಗಿ ಗಿಡಗಳ ಮಾದರಿ ಕೂಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ತಿಳವಳ್ಳಿಯ ಹತ್ತಿರ, ಹೊಲದ ಬದುವಿನ ಒಣ ಉಸುಕಿನಲ್ಲಿ, ನಾನೆಂದೂ ಕಾಣದ ನೀಲಿ ಹೂವು ಕಂಡಿತು. ಗಿಡ ಒಂದೇ ಇತ್ತು. ಪುಸ್ತಕ ತಿರುವುತ್ತ ಗಟ್ಟಿಯಾಗಿಯೇ ಅಂದುಕೊಂಡೆ: "ಈ ಕಡೀದಂತೂ ಅಲ್ಲ, ಹೊರಗಿಂದ ಬಂದೈತಿ. ಕುಲ ಯಾವುದೋ ಗೊತ್ತಾಗವಲ್ದು."

ನನ್ನ ಬೆನ್ನ ಹಿಂದೆ ಕಳೆ ತೆಗೆಯುತ್ತಿದ್ದ ಮುದುಕಿ ಎದ್ದು ನಿಂತಳು. ಅವಳ ಪಕ್ಕದಲ್ಲಿ ಹೊಸ ಸೊಸೆ ಇದ್ದದ್ದನ್ನು ನಾನು ನೋಡಿರಲಿಲ್ಲ.

"ನಮ್ಮ ಸೊಸಿ ಕುಲ ಕೇಳಾಕ ನೀವ್ಯಾರ್ರಿ? ಮೊದಲ ಹೊಲ ಬಿಟ್ಟು ನಡೀರಿ."

ಹೋದರೆ ಹೂವು ಕೈತಪ್ಪುತ್ತಿತ್ತು. "ಯವ್ವಾ, ನಾ ಕೇಳಿದ್ದು ಈ ಹೂವಿನ ಕುಲ," ಎಂದೆ.

"ಹೂವಿಗೂ ಕುಲ ಕೇಳ್ತೀರಿ? ಅದಕ್ಕೇನು ವರ ನೋಡಾಕತ್ತೀರೇನು?"

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅದು ನಮ್ಮ ಸವಣೂರಾಗ ಸಾಹೇಬರ ಬಂಗಲೆ ಮುಂದಿತ್ರಿ. ವಿಲಾಯತಿಯಿಂದ ತರಿಸಿದ್ರಂತ. ಬರೋವಾಗ ನಾಕು ಬೀಜ ಸೆರಗಿನ್ಯಾಗ ಕಟ್ಕೊಂಡು ಬಂದೆ. ಹುಟ್ಟಿದ್ದು ಇದೊಂದ."

ಮುದುಕಿ ತಾನೇ ಒಂದು ಟೊಂಗೆ ಮುರಿದುಕೊಟ್ಟಳು. ಮಾದರಿಯ ಚೀಟಿಯಲ್ಲಿ ಮೂಲಸ್ಥಾನ 'ವಿಲಾಯತಿ' ಎಂದು ಬರೆದು ಓದಿ ಹೇಳಿದೆ. ಸೊಸೆ ಒಪ್ಪಲಿಲ್ಲ. "ತವರುಮನಿ ಸವಣೂರು ಅಂತ ಬರೀರಿ," ಎಂದಳು.

ಅದನ್ನೂ ಬರೆದೆ. ಕಾಲೇಜಿನಲ್ಲಿ ಯಾರೂ ಅದನ್ನು ಹೊಡೆದುಹಾಕಲಿಲ್ಲ. ಕುಲದ ಜಾಗ ಮಾತ್ರ ಇನ್ನೂ ಖಾಲಿ ಇದೆ. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.